ಕಸಿ ಹೃದಯದ ಕಾವಲು

ಧಾರವಾಡ ಜಿಲ್ಲೆಯ ಕಲಘಟಗಿ ತಾಲೂಕಿನಲ್ಲಿ ಬಮ್ಮಿಗಟ್ಟಿ ಎಂಬ ಊರಿದೆ. ನವಲಗುಂದ, ಅಣ್ಣಿಗೇರಿಗಳ ಎರೆಯ ಬಯಲು ಹಿಂದೆ ಸರಿದು ಮಲೆನಾಡಿನ ಸೆರಗು ಮೊದಲಾಗುವ ಸೀಮೆಯಿದು. ಭತ್ತದ ಗದ್ದೆ, ಮಾವಿನ ತೋಟಗಳು ಈ ಭಾಗದ ಬಾಳಿಗೆ ಆಧಾರ. ಇಲ್ಲಿಯ ರೈತರಿಗೆ ಕಸಿ ಎಂಬ ಮಾತು ಹೊಸದಲ್ಲ. ಜವಾರಿ ಮಾವಿನ ಎಳೆಯ ಸಸಿಯ ತುದಿಯನ್ನು ಕೊಯ್ದು, ಸೀಳಿ, ಆಪೂಸಿನ ಕಡ್ಡಿಯೊಂದನ್ನು ಅದರೊಳಗೆ ಕೂಡಿಸಿ ಬಿಗಿಯಾಗಿ ಕಟ್ಟಿದರೆ ಕೆಲವೇ ವಾರಗಳಲ್ಲಿ ಕಡ್ಡಿ ಚಿಗುರುತ್ತದೆ. ಬೇರು ಒಂದು ಮರದ್ದು, ಹಣ್ಣು ಇನ್ನೊಂದರದು. ಆ ಬೇರು ತನ್ನ ಮೇಲೆ ಬಂದು ಕುಳಿತ ಕಡ್ಡಿಯನ್ನು 'ನೀನು ಯಾರು?' ಎಂದು ಕೇಳುವುದಿಲ್ಲ.

ಮನುಷ್ಯನ ದೇಹ ಈ ಪ್ರಶ್ನೆಯನ್ನು ಕೇಳದೆ ಬಿಡುವುದಿಲ್ಲ. ನಮ್ಮ ರಕ್ತದಲ್ಲಿರುವ ಬಿಳಿಯ ಕಣಗಳು ಹಗಲಿರುಳೂ ಗಸ್ತು ತಿರುಗುತ್ತಿರುತ್ತವೆ. ಎದುರಾದ ಪ್ರತಿಯೊಂದು ಜೀವಕೋಶದ ಮೇಲಿರುವ ಗುರುತನ್ನು ಅವು ಪರೀಕ್ಷಿಸುತ್ತವೆ. ಗುರುತು ತನ್ನದಾದರೆ ಬಿಡುತ್ತವೆ. ಪರರದಾದರೆ ಅದರ ಮೇಲೆ ಎರಗುತ್ತವೆ. ಇದನ್ನೇ ರೋಗನಿರೋಧಕ ಶಕ್ತಿ ಎಂದು ಕರೆಯುತ್ತಾರೆ. ಈ ಶಕ್ತಿಯಿಲ್ಲದೆ ಮನುಷ್ಯ ನೆಗಡಿ ಕೆಮ್ಮುಗಳಿಂದಲೇ ಸತ್ತುಹೋಗಬಹುದಾಗಿತ್ತು. ಆದರೆ ಈ ಕಾವಲುಗಾರರಿಗೆ ಹಗೆಯೂ ಹಿತೈಷಿಯೂ ಒಂದೇ. ಸಾಯುತ್ತಿರುವವನನ್ನು ಬದುಕಿಸಲೆಂದು ಇನ್ನೊಬ್ಬರ ಹೃದಯವನ್ನು ತಂದು ಅವನ ಎದೆಯಲ್ಲಿ ಕೂಡಿಸಿದರೆ, ಆ ಹೃದಯವನ್ನೂ ಅವು ಶತ್ರುವೆಂದೇ ಎಣಿಸಿ ನಾಶಮಾಡತೊಡಗುತ್ತವೆ. ವೈದ್ಯರು ಇದಕ್ಕೆ 'ನಿರಾಕರಣೆ' ಎನ್ನುತ್ತಾರೆ. ಪರರ ಚರ್ಮವನ್ನು ದೇಹವು ಒಪ್ಪದಿರುವುದಕ್ಕೆ ಈ ಶಕ್ತಿಯೇ ಕಾರಣವೆಂಬುದನ್ನು ಇಂಗ್ಲೆಂಡಿನ ಪೀಟರ್ ಮೆಡಾವರ್ ಎಂಬ ವಿಜ್ಞಾನಿ 1940ರ ದಶಕದಲ್ಲಿ ತನ್ನ ಪ್ರಯೋಗಗಳಿಂದ ತೋರಿಸಿಕೊಟ್ಟನು. 1960ರಲ್ಲಿ ಅವನಿಗೆ ನೊಬೆಲ್ ಪಾರಿತೋಷಕ ದೊರೆಯಿತು.

ಹಾಗಾದರೆ ಹೃದಯ ಕಸಿ ಸಾಧ್ಯವಾದುದು ಹೇಗೆ? ಕಾವಲುಗಾರರಿಗೆ ಮಂಪರು ಬರಿಸುವ ಔಷಧಿಗಳಿಂದ. ಅವುಗಳನ್ನು ಕೊಟ್ಟರೆ ಹೊಸ ಹೃದಯ ಉಳಿಯುತ್ತದೆ. ಆದರೆ ಕಾವಲು ಸಡಿಲವಾದ ಕೋಟೆಯೊಳಗೆ ಯಾರು ಬೇಕಾದರೂ ನುಗ್ಗಬಹುದಷ್ಟೆ? ಈ ಸಂಕಟವು ಮೊಟ್ಟಮೊದಲ ಹೃದಯ ಕಸಿಯಲ್ಲಿಯೇ ಕಾಣಿಸಿಕೊಂಡಿತು. 1967ರ ಡಿಸೆಂಬರ್ 3ರಂದು ದಕ್ಷಿಣ ಆಫ್ರಿಕದ ಕೇಪ್‌ಟೌನ್ ನಗರದ ಗ್ರೂಟ್ ಶೂರ್ ಆಸ್ಪತ್ರೆಯಲ್ಲಿ ಡಾ. ಕ್ರಿಶ್ಚಿಯನ್ ಬರ್ನಾರ್ಡ್ ಅವರು ಲೂಯಿ ವಾಶ್ಕಾನ್ಸ್ಕಿ ಎಂಬ ರೋಗಿಗೆ ಅಪಘಾತದಲ್ಲಿ ಮಡಿದ ತರುಣಿಯೊಬ್ಬಳ ಹೃದಯವನ್ನು ಜೋಡಿಸಿದರು. ಜಗತ್ತು ಬೆರಗಾಯಿತು. ರೋಗಿ ಮಾತನಾಡಿದನು, ನಕ್ಕನು. ಕೆಲವು ದಿನಗಳ ಮೇಲೆ ಅವನ ಶ್ವಾಸಕೋಶದ ಚಿತ್ರದಲ್ಲಿ ಮಬ್ಬು ಕಾಣಿಸಿಕೊಂಡಿತು. ಅದು ನಿರಾಕರಣೆಯ ಲಕ್ಷಣವಿರಬೇಕೆಂದು ವೈದ್ಯರು ಮೊದಲು ಭಾವಿಸಿ, ಪ್ರತಿರೋಧವನ್ನು ತಗ್ಗಿಸುವ ಔಷಧಿಗಳನ್ನು ಹೆಚ್ಚಿಸಿದರು. ವಾಸ್ತವವಾಗಿ ಅದು ನ್ಯುಮೋನಿಯ ಆಗಿದ್ದಿತು. ಹದಿನೆಂಟನೆಯ ದಿನ ವಾಶ್ಕಾನ್ಸ್ಕಿ ತೀರಿಕೊಂಡನು. ಅವನನ್ನು ಕೊಂದುದು ಹೃದಯವಲ್ಲ. ಆ ಹೃದಯ ಕೊನೆಯವರೆಗೂ ಚೆನ್ನಾಗಿಯೇ ಬಡಿಯುತ್ತಿದ್ದಿತು.

ಭಾರತದಲ್ಲಿ 1968ರ ಫೆಬ್ರವರಿಯಲ್ಲಿ ಮುಂಬಯಿಯ ಕೆ.ಇ.ಎಂ. ಆಸ್ಪತ್ರೆಯ ಡಾ. ಪ್ರಫುಲ್ಲಕುಮಾರ್ ಸೇನ್ ಅವರು ಈ ಸಾಹಸಕ್ಕೆ ಕೈಹಾಕಿದರು. ರೋಗಿ ಕೆಲವು ಗಂಟೆಗಳಷ್ಟೇ ಬದುಕಿದನು. ಆ ಒಂದು ವರ್ಷದಲ್ಲಿ ಜಗತ್ತಿನಾದ್ಯಂತ ನೂರಕ್ಕೂ ಹೆಚ್ಚು ಹೃದಯ ಕಸಿಗಳು ನಡೆದವು. ರೋಗಿಗಳಲ್ಲಿ ಬಹುತೇಕ ಮಂದಿ ಬೇಗನೆ ತೀರಿಕೊಂಡುದರಿಂದ ಹೆಚ್ಚಿನ ಆಸ್ಪತ್ರೆಗಳು ಈ ಕೆಲಸವನ್ನೇ ಕೈಬಿಟ್ಟವು. ಅಮೆರಿಕದ ಸ್ಟ್ಯಾನ್‌ಫರ್ಡಿನ ಡಾ. ನಾರ್ಮನ್ ಶಮ್ವೇ ಅವರಂಥ ಕೆಲವರು ಮಾತ್ರ ಹಟ ಬಿಡದೆ ಮುಂದುವರಿದರು. ಸುದ್ದಿಯ ಬೆಳಕು ಬೀಳದ ಅಂಥ ವರ್ಷಗಳ ದುಡಿಮೆಯೇ ಈ ವಿದ್ಯೆಯನ್ನು ಉಳಿಸಿತೆಂದು ಹೇಳಬೇಕು. ಮುಂದೆ 1980ರ ದಶಕದಲ್ಲಿ ಸೈಕ್ಲೊಸ್ಪೊರಿನ್ ಎಂಬ ಔಷಧಿ ಬಳಕೆಗೆ ಬಂದಿತು. ನಾರ್ವೆ ದೇಶದ ಹಾರ್ಡಾಂಗರ್ ಪ್ರಸ್ಥಭೂಮಿಯ ಒಂದು ಹಿಡಿ ಮಣ್ಣಿನಲ್ಲಿದ್ದ ಬೂಸ್ಟಿನಿಂದ ದೊರೆತ ವಸ್ತುವಿದು. ಹಳೆಯ ಔಷಧಿಗಳಿಗಿಂತ ಹದವರಿತು ಇದು ಕಾವಲುಗಾರರನ್ನು ಹಿಡಿದಿಡುತ್ತಿದ್ದಿತು. ಕಸಿ ಪಡೆದವರ ಆಯುಷ್ಯ ತಿಂಗಳುಗಳಿಂದ ವರ್ಷಗಳಿಗೆ ಏರಿತು. 1994ರ ಆಗಸ್ಟ್ 3ರಂದು ದೆಹಲಿಯ ಅಖಿಲ ಭಾರತ ವೈದ್ಯಕೀಯ ವಿಜ್ಞಾನ ಸಂಸ್ಥೆಯಲ್ಲಿ ಡಾ. ಪಿ. ವೇಣುಗೋಪಾಲ್ ಅವರು ನಮ್ಮ ದೇಶದ ಮೊದಲ ಯಶಸ್ವೀ ಹೃದಯ ಕಸಿಯನ್ನು ನೆರವೇರಿಸಿದರು.

ಔಷಧಿ ಸುಧಾರಿಸಿದರೂ ಸೋಂಕಿನ ಭಯ ಹೋಗಲಿಲ್ಲ. ಸೋಂಕು ಎಂದ ಕೂಡಲೆ ಹೊರಗಿನಿಂದ ಬರುವ ರೋಗಾಣುಗಳೇ ನಮ್ಮ ಕಣ್ಣಮುಂದೆ ನಿಲ್ಲುತ್ತವೆ. ಕಸಿ ಪಡೆದವರಿಗೆ ಅವುಗಳ ಭಯವಿರುವುದು ನಿಜ. ಆದರೆ ಅದಕ್ಕಿಂತ ವಿಚಿತ್ರವಾದುದು ಒಳಗಿನವರ ಭಯ. ನಮ್ಮಲ್ಲಿ ಹೆಚ್ಚಿನವರ ದೇಹದಲ್ಲಿ ಬಾಲ್ಯದಲ್ಲಿಯೋ ಯೌವನದಲ್ಲಿಯೋ ಹೊಕ್ಕ ಕೆಲವು ಜೀವಿಗಳು ಸದ್ದಿಲ್ಲದೆ ವಾಸವಾಗಿರುತ್ತವೆ. ದೇಹ ಅವುಗಳನ್ನು ಕೊಲ್ಲಲಾರದೆ ಮೂಲೆಯಲ್ಲಿ ಕಟ್ಟಿಹಾಕಿರುತ್ತದೆ. ಅವುಗಳಿಂದ ತೊಂದರೆಯಿಲ್ಲ, ಅವು ಇವೆಯೆಂಬುದೇ ತಿಳಿಯುವುದಿಲ್ಲ. ಕಾವಲು ತಗ್ಗಿದ ದಿನ ಕಟ್ಟು ಬಿಚ್ಚುತ್ತದೆ.

ಇವುಗಳಲ್ಲಿ ಮೊದಲನೆಯದು ಸೈಟೊಮೆಗಲೊ ವೈರಸ್. ಇದು ಸರ್ಪಸುತ್ತು, ಸಿಡುಬಿನಂಥ ಕೋಟಲೆ ಎಂದು ಹಳ್ಳಿಯವರು ಹೆದರುವ ಸೀತಾಳೆ ಇವುಗಳನ್ನು ಉಂಟುಮಾಡುವ ವೈರಸ್ಸಿನ ಬಂಧುವೇ. ಇದು ಹೊಕ್ಕ ಜೀವಕೋಶವು ಊದಿಕೊಂಡು, ಸೂಕ್ಷ್ಮದರ್ಶಕದಲ್ಲಿ ಗೂಬೆಯ ಕಣ್ಣಿನಂತೆ ಕಾಣುತ್ತದೆ. ತಾಯಿಯ ಹಾಲು, ಎಂಜಲು ಮುಂತಾದವುಗಳ ಮೂಲಕ ಹರಡುವ ಈ ವೈರಸ್ ನಮ್ಮ ದೇಶದಲ್ಲಿ ಬಹುಪಾಲು ಎಲ್ಲ ವಯಸ್ಕರ ದೇಹದಲ್ಲಿಯೂ ಇದೆ. ಆರೋಗ್ಯವಂತರಿಗೆ ಅದರಿಂದ ಬಾಧೆಯಿಲ್ಲ. ಕಸಿ ಪಡೆದವರಲ್ಲಿ, ಮುಖ್ಯವಾಗಿ ಮೊದಲ ಕೆಲವು ತಿಂಗಳುಗಳಲ್ಲಿ, ಅದು ಎಚ್ಚೆತ್ತರೆ ಜ್ವರ ಬರುತ್ತದೆ. ಬಿಳಿಯ ರಕ್ತಕಣಗಳು ಕಡಿಮೆಯಾಗುತ್ತವೆ. ಶ್ವಾಸಕೋಶ, ಕರುಳು, ಕಣ್ಣಿನ ಅಕ್ಷಿಪಟಗಳಿಗೆ ಪೆಟ್ಟು ಬೀಳುತ್ತದೆ. ಇಷ್ಟೇ ಆಗಿದ್ದರೆ ಸರಿಯಾಗಿತ್ತು. ಈ ವೈರಸ್ ತಾನೂ ರೋಗನಿರೋಧಕ ಶಕ್ತಿಯನ್ನು ಕುಗ್ಗಿಸುತ್ತದೆ. ಔಷಧಿಯಿಂದ ಅರ್ಧ ತೆರೆದ ಬಾಗಿಲನ್ನು ಇದು ಪೂರ್ತಿ ತೆರೆದು, ಹಿಂದೆ ನಿಂತ ಇತರ ರೋಗಾಣುಗಳಿಗೂ ದಾರಿ ಬಿಡುತ್ತದೆ. ಹೊಸ ಹೃದಯದ ರಕ್ತನಾಳಗಳು ವರ್ಷಗಳ ಮೇಲೆ ಕಿರಿದಾಗುವುದರಲ್ಲಿಯೂ ಇದರ ಕೈವಾಡವುಂಟು.

ಎರಡನೆಯದು ಟಾಕ್ಸೊಪ್ಲಾಸ್ಮ ಎಂಬ ಏಕಕೋಶದ ಪರೋಪಜೀವಿ. 1908ರಲ್ಲಿ ಉತ್ತರ ಆಫ್ರಿಕದ ಟ್ಯುನಿಸ್ ನಗರದಲ್ಲಿ ಗುಂಡಿ ಎಂಬ ದಂಶಕದ ದೇಹದಲ್ಲಿ ಇದನ್ನು ಗುರುತಿಸಿದರು. ಇದರ ಜೀವನಚಕ್ರ ಪೂರ್ಣಗೊಳ್ಳುವುದು ಬೆಕ್ಕಿನ ಕುಲದ ಪ್ರಾಣಿಗಳ ಕರುಳಿನಲ್ಲಿ. ಬೆಕ್ಕಿನ ಮಲದ ಮೂಲಕ ಇದರ ಅಂಡಗಳು ಮಣ್ಣಿಗೆ ಬಿದ್ದು, ಒಂದೆರಡು ದಿನಗಳಲ್ಲಿ ಬಲಿತು, ಕೈಗೆ ಹತ್ತಿದ ಮಣ್ಣು, ತೊಳೆಯದ ಕಾಯಿಪಲ್ಯ, ನೀರು ಇವುಗಳ ಮೂಲಕ ಮನುಷ್ಯನನ್ನು ಸೇರುತ್ತವೆ. ಸರಿಯಾಗಿ ಬೇಯದ ಮಾಂಸದಿಂದಲೂ ಸೇರಬಹುದು. ಹೀಗೆಂದು ಬೆಕ್ಕನ್ನು ದೂಷಿಸುವುದು ಸರಿಯಲ್ಲ. ಕಾಳು ತುಂಬಿದ ಮನೆಯನ್ನು ಇಲಿಗಳಿಂದ ಕಾಯುವ ಉಪಕಾರಿ ಅದು. ಅಲ್ಲದೆ ಒಂದು ಬೆಕ್ಕು ಸಾಮಾನ್ಯವಾಗಿ ಮೊದಲ ಸಲ ಸೋಂಕು ತಗುಲಿದಾಗ ಕೆಲವು ವಾರಗಳ ಕಾಲ ಮಾತ್ರ ಈ ಅಂಡಗಳನ್ನು ಹೊರಹಾಕುತ್ತದೆ.

ಈ ಪರೋಪಜೀವಿಗೆ ಅಡಗಿ ಕೂಡಲು ಮೆಚ್ಚಿನ ಜಾಗಗಳು ಮಿದುಳು ಮತ್ತು ಮಾಂಸಖಂಡ. ಹೃದಯವೂ ಮಾಂಸಖಂಡವೇ ಅಲ್ಲವೆ? ಆದುದರಿಂದ ಮೂತ್ರಪಿಂಡದ ಕಸಿಗಿಂತ ಹೃದಯದ ಕಸಿಯಲ್ಲಿ ಇದರ ಅಪಾಯ ಹೆಚ್ಚು. ದಾನಿಯ ಹೃದಯದಲ್ಲಿ ಈ ಜೀವಿ ಮಲಗಿದ್ದು, ಅದನ್ನು ಪಡೆಯುವವನ ದೇಹಕ್ಕೆ ಅದರ ಪರಿಚಯವೇ ಇಲ್ಲದಿದ್ದರೆ, ಉಡುಗೊರೆಯೊಡನೆ ಹಗೆಯೂ ಬಂದಂತಾಗುತ್ತದೆ. ತಡೆಯುವ ಔಷಧಿ ಕೊಡದಿದ್ದರೆ ಇಂಥವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ರೋಗ ಕಾಣಿಸಿಕೊಳ್ಳುತ್ತಿದ್ದಿತು. 1983ರಲ್ಲಿ ಸ್ಟ್ಯಾನ್‌ಫರ್ಡಿನ ವೈದ್ಯರು ಈ ಹೊಂದಾಣಿಕೆಯ ಮಹತ್ತ್ವವನ್ನು ಪ್ರಕಟಿಸಿದರು. ಇಂದು ಕೋಟ್ರೈಮಾಕ್ಸಜೋಲ್ ಎಂಬ ಅಗ್ಗದ ಮಾತ್ರೆಯೊಂದು ಇದನ್ನು ಬಹುಮಟ್ಟಿಗೆ ತಡೆಯುತ್ತದೆ. ಲಕ್ಷಾಂತರ ರೂಪಾಯಿಗಳ ಚಿಕಿತ್ಸೆಯನ್ನು ಕೆಲವು ರೂಪಾಯಿಗಳ ಮಾತ್ರೆ ಕಾಯುವುದು ಸೋಜಿಗವೇ ಸರಿ.

ಮೂರನೆಯ ಅತಿಥಿಯನ್ನು ಕಾಣಲು ಮತ್ತೆ ಗದ್ದೆಗೆ ಬರಬೇಕು. ಬಮ್ಮಿಗಟ್ಟಿಯ ಸುತ್ತಿನ ಸೀಮೆಯಲ್ಲಿ ಕೂರಿಗೆಯಿಂದ ಭತ್ತ ಬಿತ್ತುವ ಪದ್ಧತಿ ಹಳೆಯದು. ಮಳೆ ಹಿಡಿದ ಮೇಲೆ ಕಳೆ ತೆಗೆಯಲು ಹೆಣ್ಣುಮಕ್ಕಳು, ಗಂಡಸರು ಬರಿಗಾಲಿನಲ್ಲಿ ಕೆಸರಿಗೆ ಇಳಿಯುತ್ತಾರೆ. ಬಯಲಿನಲ್ಲಿ ಶೌಚಕ್ಕೆ ಹೋಗುವ ರೂಢಿಯಿರುವೆಡೆ, ಬೆಚ್ಚಗಿನ ತೇವದ ಮಣ್ಣಿನಲ್ಲಿ ಸ್ಟ್ರಾಂಜಿಲಾಯ್ಡಿಸ್ ಎಂಬ ಹುಳುವಿನ ಮರಿಗಳು ಇರಬಹುದು. ಕೊಕ್ಕೆಹುಳುವಿನಂತೆಯೇ ಇವೂ ಅಂಗಾಲಿನ ಚರ್ಮವನ್ನು ಕೊರೆದು ಒಳಹೊಗುತ್ತವೆ. ರಕ್ತದೊಡನೆ ಶ್ವಾಸಕೋಶಕ್ಕೆ ಹೋಗಿ, ಅಲ್ಲಿಂದ ಗಂಟಲಿಗೆ ಏರಿ, ನುಂಗಿದ ಕಫದೊಡನೆ ಕರುಳನ್ನು ಸೇರುತ್ತವೆ. ಬೆಳೆದ ಹೆಣ್ಣುಹುಳು ಎರಡು ಮಿಲಿಮೀಟರಿನಷ್ಟು ಉದ್ದ. ದಾರದ ಎಳೆಗಿಂತ ತೆಳು.

ಬೇರೆ ಹುಳುಗಳಿಗೂ ಇದಕ್ಕೂ ಒಂದು ದೊಡ್ಡ ಅಂತರವಿದೆ. ಕೊಕ್ಕೆಹುಳುವಿನಂಥವುಗಳ ಮೊಟ್ಟೆಗಳು ಹೊರಗೆ ಹೋಗಿ ಮಣ್ಣಿನಲ್ಲಿ ಬಲಿಯಲೇಬೇಕು. ಇದರ ಮರಿಗಳಲ್ಲಿ ಕೆಲವು ಕರುಳಿನಲ್ಲಿಯೇ ಬಲಿತು, ಕರುಳಿನ ಗೋಡೆಯನ್ನು ಕೊರೆದು, ಅದೇ ಮನುಷ್ಯನಲ್ಲಿ ಮತ್ತೆ ಪ್ರಯಾಣ ಹೊರಡುತ್ತವೆ. ಆದುದರಿಂದ ಊರು ಬಿಟ್ಟು ದಶಕಗಳೇ ಕಳೆದಿದ್ದರೂ ಹುಳು ಬಿಡುವುದಿಲ್ಲ. ಎರಡನೆಯ ಮಹಾಯುದ್ಧದಲ್ಲಿ ಜಪಾನೀಯರ ಸೆರೆಯಾಳುಗಳಾಗಿ ಬರ್ಮಾ-ಥೈಲೆಂಡ್ ರೈಲುದಾರಿಯಲ್ಲಿ ದುಡಿದ ಸೈನಿಕರ ದೇಹದಲ್ಲಿ ಮೂವತ್ತು, ನಲವತ್ತು ವರ್ಷಗಳ ಬಳಿಕವೂ ಈ ಹುಳುಗಳು ಸಿಕ್ಕಿದವು. ಅಷ್ಟು ಕಾಲ ಅವರನ್ನು ಕಾಡಿದುದು ಆಗೀಗ ಬರುವ ತುರಿಕೆ, ಹೊಟ್ಟೆನೋವು ಮಾತ್ರ. ಇಂಥವರಿಗೆ ಸ್ಟಿರಾಯ್ಡ್ ಔಷಧಿ ಕೊಟ್ಟರೆ ಚಿತ್ರವೇ ಬದಲಾಗುತ್ತದೆ. ಹುಳುವಿನ ಮರಿಗಳು ಲೆಕ್ಕವಿಲ್ಲದಷ್ಟು ಹೆಚ್ಚಿ, ಕರುಳನ್ನು ತೂತುಮಾಡಿ, ಅಲ್ಲಿಯ ಬ್ಯಾಕ್ಟೀರಿಯಗಳನ್ನು ಮೈಗಂಟಿಸಿಕೊಂಡು ರಕ್ತಕ್ಕೆ, ಶ್ವಾಸಕೋಶಕ್ಕೆ, ಮಿದುಳಿನ ಪೊರೆಗೆ ಸಾಗಿಸುತ್ತವೆ. ಚಿಕಿತ್ಸೆಯಿಲ್ಲದಿದ್ದರೆ ರೋಗಿ ಉಳಿಯುವುದು ಅಪರೂಪ. ಕಸಿಗೆ ಮೊದಲೇ ಹುಳುವನ್ನು ಪತ್ತೆಮಾಡಿದರೆ ಐವರ್ಮೆಕ್ಟಿನ್ ಮಾತ್ರೆಯ ಒಂದೆರಡು ಸರದಿಗಳಲ್ಲಿ ಕೆಲಸ ಮುಗಿಯುತ್ತದೆ. ಈ ಐವರ್ಮೆಕ್ಟಿನ್ನಿನ ಮೂಲವೂ ಮಣ್ಣೇ. ಜಪಾನಿನ ಸತೋಶಿ ಓಮುರಾ ಅವರು ತಮ್ಮ ನಾಡಿನ ಮಣ್ಣಿನಿಂದ ಪಡೆದ ಸೂಕ್ಷ್ಮಜೀವಿಯಿಂದ ಅದು ಹುಟ್ಟಿತು. 2015ರಲ್ಲಿ ಅವರು ಈ ಕೆಲಸಕ್ಕಾಗಿ ನೊಬೆಲ್ ಪಾರಿತೋಷಕದಲ್ಲಿ ಪಾಲು ಪಡೆದರು.

ಒಂದೊಂದು ನಾಡಿಗೂ ಅದರದೇ ಆದ ಪರೋಪಜೀವಿಗಳಿವೆ. ದಕ್ಷಿಣ ಅಮೆರಿಕದಲ್ಲಿ ಮಣ್ಣಿನ ಗೋಡೆಯ ಬಿರುಕುಗಳಲ್ಲಿ ವಾಸಿಸುವ ತಿಗಣೆಯಂಥ ಕೀಟವೊಂದು ಚಾಗಸ್ ರೋಗವನ್ನು ಹರಡುತ್ತದೆ. 1909ರಲ್ಲಿ ಬ್ರೆಜಿಲ್ಲಿನ ವೈದ್ಯ ಕಾರ್ಲೋಸ್ ಚಾಗಸ್ ಅದನ್ನು ಗುರುತಿಸಿದನು. ಆ ರೋಗ ಹೃದಯವನ್ನೇ ಹಾಳುಮಾಡುವುದರಿಂದ ಅಲ್ಲಿ ಅನೇಕರಿಗೆ ಹೃದಯ ಕಸಿ ಬೇಕಾಗುತ್ತದೆ. ಕಸಿಯಾದ ಮೇಲೆ ದೇಹದ ಇತರೆಡೆ ಅಡಗಿದ್ದ ಅದೇ ಜೀವಿ ಹೊಸ ಹೃದಯವನ್ನೂ ಮುತ್ತಬಹುದು. ಕರ್ನಾಟಕದ ವೈದ್ಯರಿಗೆ ಇದರ ಚಿಂತೆಯಿಲ್ಲ. ಆದರೆ ಜನರು ದೇಶದಿಂದ ದೇಶಕ್ಕೆ ಹೋಗಿ ನೆಲಸುವ ಈ ಕಾಲದಲ್ಲಿ, ಲಾಸ್ ಏಂಜಲೀಸಿನ ವೈದ್ಯರು ಮೂವತ್ತು ವರ್ಷಗಳ ಹಿಂದೆ ಕೇಳುವ ಅಗತ್ಯವಿಲ್ಲದ ಪ್ರಶ್ನೆಗಳನ್ನು ಕೇಳಬೇಕಾಗಿದೆ. ಅಲ್ಲಿ 2006ರ ಸುಮಾರಿಗೆ ದಾನಿಯ ಹೃದಯದಿಂದಲೇ ಇಬ್ಬರಿಗೆ ಚಾಗಸ್ ರೋಗ ತಗುಲಿದುದು ವರದಿಯಾಯಿತು.

ಈ ಜೀವಿಗಳಲ್ಲಿ ಯಾವುದೊಂದು ಬಂದರೂ ಕಷ್ಟ. ಎರಡು ಒಟ್ಟಿಗೆ ಬಂದರೆ? 'ಬರಗಾಲದಲ್ಲಿ ಅಧಿಕಮಾಸ' ಎಂಬ ಗಾದೆ ನೆನಪಾಗುತ್ತದೆ. ವೈರಸ್ಸು, ಪರೋಪಜೀವಿ ಎರಡೂ ಒಬ್ಬನಲ್ಲಿಯೇ ಏಕಕಾಲಕ್ಕೆ ಎಚ್ಚರಗೊಳ್ಳುವುದು ಆಕಸ್ಮಿಕವಲ್ಲ. ಎರಡಕ್ಕೂ ಬೇಕಾದುದು ಒಂದೇ ಸಮಯ, ಅಂದರೆ ಔಷಧಿಯ ಪ್ರಮಾಣ ಗರಿಷ್ಠವಾಗಿರುವ ಮೊದಲ ತಿಂಗಳುಗಳು. ಒಂದರ ಚಿಕಿತ್ಸೆ ಇನ್ನೊಂದಕ್ಕೆ ನಾಟುವುದಿಲ್ಲ. ವೈರಸ್ಸಿಗೆ ಕೊಡುವ ಗ್ಯಾನ್‌ಸೈಕ್ಲೊವಿರ್ ಹುಳುವನ್ನು ಮುಟ್ಟದು. ಹುಳುವಿನ ಮಾತ್ರೆ ವೈರಸ್ಸನ್ನು ಮುಟ್ಟದು. ಎಲ್ಲಕ್ಕಿಂತ ಕೆಟ್ಟುದೆಂದರೆ ಒಂದು ಇನ್ನೊಂದರ ನೆರಳಿನಲ್ಲಿ ಮರೆಯಾಗುವುದು. ಕಸಿ ಪಡೆದ ರೋಗಿಗೆ ಜ್ವರ ಬಂದಿದೆ, ಉಸಿರಾಟ ಕಷ್ಟವಾಗಿದೆ ಎಂದು ಭಾವಿಸೋಣ. ರಕ್ತಪರೀಕ್ಷೆಯಲ್ಲಿ ಸೈಟೊಮೆಗಲೊ ವೈರಸ್ ಸಿಕ್ಕಿತು. ಕಾರಣ ತಿಳಿಯಿತೆಂದು ಅಲ್ಲಿಗೇ ಹುಡುಕಾಟ ನಿಲ್ಲಿಸಿದರೆ, ಕಫದಲ್ಲಿ ಹರಿದಾಡುತ್ತಿರುವ ಹುಳುವಿನ ಮರಿ ಕಣ್ಣಿಗೆ ಬೀಳುವುದೇ ಇಲ್ಲ. ಮನೆಯಲ್ಲಿ ಒಬ್ಬ ಕಳ್ಳ ಸಿಕ್ಕನೆಂದು ಉಳಿದ ಕೋಣೆಗಳನ್ನು ನೋಡದೆ ಬಾಗಿಲು ಹಾಕಿಕೊಂಡು ಮಲಗಿದ ಹಾಗೆ. ಸಾಮಾನ್ಯವಾಗಿ ಹುಳುವಿನ ಸುಳಿವು ಕೊಡುವ ಒಂದು ಬಗೆಯ ರಕ್ತಕಣಗಳೂ ಸ್ಟಿರಾಯ್ಡಿನಿಂದಾಗಿ ಹೆಚ್ಚದೆ ಹೋಗಬಹುದು.

ಇದರ ಜೊತೆಗೆ ಕೇಪ್‌ಟೌನಿನಲ್ಲಿ ಎದುರಾದ ತೊಡಕು ಇಂದಿಗೂ ಇದೆ. ನಿರಾಕರಣೆ, ಸೋಂಕು ಇವೆರಡೂ ರೋಗಿಯ ಮೈಯಲ್ಲಿ ಒಂದೇ ವೇಷ ಹಾಕಿಕೊಂಡು ಬರುತ್ತವೆ. ಟಾಕ್ಸೊಪ್ಲಾಸ್ಮ ಹೃದಯದ ಸ್ನಾಯುವನ್ನು ಮುತ್ತಿದಾಗಲೂ ಹೃದಯ ಸೋಲುತ್ತದೆ, ನಿರಾಕರಣೆಯಲ್ಲಿಯೂ ಸೋಲುತ್ತದೆ. ಚಿಕಿತ್ಸೆಗಳು ಮಾತ್ರ ಒಂದಕ್ಕೊಂದು ವಿರುದ್ಧ. ನಿರಾಕರಣೆಗೆ ಸ್ಟಿರಾಯ್ಡನ್ನು ಹೆಚ್ಚಿಸಬೇಕು. ಸೋಂಕಿಗೆ ಪ್ರತಿರೋಧ ತಗ್ಗಿಸುವ ಔಷಧಿಗಳನ್ನು ಸಾಧ್ಯವಾದಷ್ಟು ಇಳಿಸಬೇಕು. ತಪ್ಪು ದಾರಿ ಹಿಡಿದರೆ ರೋಗಿಯ ಪ್ರಾಣಕ್ಕೇ ಕುತ್ತು. ಇದನ್ನು ಬಿಡಿಸಲು 1973ರಲ್ಲಿ ಸ್ಟ್ಯಾನ್‌ಫರ್ಡಿನ ಡಾ. ಫಿಲಿಪ್ ಕೇವ್ಸ್ ಅವರು ಒಂದು ಉಪಾಯ ಕಂಡುಹಿಡಿದರು. ಕುತ್ತಿಗೆಯ ರಕ್ತನಾಳದ ಮೂಲಕ ತೆಳುವಾದ ಚಿಮಟವನ್ನು ಹೃದಯದೊಳಕ್ಕೆ ಇಳಿಸಿ, ಸಾಸಿವೆ ಕಾಳಿನಷ್ಟು ಚೂರುಗಳನ್ನು ಕಿತ್ತು ತಂದು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸುವುದೇ ಆ ಉಪಾಯ. ಕೇಳಲು ಭಯಂಕರವೆನಿಸಿದರೂ ರೋಗಿ ಎಚ್ಚರವಾಗಿದ್ದಾಗಲೇ ಇದನ್ನು ಮಾಡಬಹುದು. ಚೂರಿನಲ್ಲಿ ಬಿಳಿಯ ರಕ್ತಕಣಗಳ ದಾಳಿ ಕಂಡರೆ ಒಂದು ತೀರ್ಮಾನ, ಪರೋಪಜೀವಿಯ ಗೂಡು ಕಂಡರೆ ಇನ್ನೊಂದು. ಎರಡೂ ಕಂಡರೆ ಆ ದಿನ ವೈದ್ಯರ ವಿವೇಕಕ್ಕೆ ನಿಜವಾದ ಪರೀಕ್ಷೆ.

ಆದುದರಿಂದ ಕಸಿಯ ಸಿದ್ಧತೆ ಶಸ್ತ್ರಕ್ರಿಯೆಗೆ ಬಹಳ ಮೊದಲೇ, ಪ್ರಶ್ನೆಗಳಿಂದ ಪ್ರಾರಂಭವಾಗುತ್ತದೆ. ಯಾವ ಊರು? ಹೊಲದಲ್ಲಿ ಬರಿಗಾಲಿನಲ್ಲಿ ದುಡಿದುದುಂಟೇ? ಮನೆಯಲ್ಲಿ ಬೆಕ್ಕು ಇದೆಯೇ? ಹಿಂದೆ ಕ್ಷಯ, ಮಲೇರಿಯ ಆಗಿತ್ತೇ? ನಗರದ ಆಸ್ಪತ್ರೆಯಲ್ಲಿ ಈ ಪ್ರಶ್ನೆಗಳನ್ನು ಕೇಳಿದಾಗ ಹಳ್ಳಿಯ ರೋಗಿಗೆ, 'ಎದೆಯ ಬೇನೆಗೂ ನನ್ನ ಬೆಕ್ಕಿಗೂ ಏನು ಸಂಬಂಧ?' ಎನಿಸಿದರೆ ಆಶ್ಚರ್ಯವಿಲ್ಲ. ಉತ್ತರ ಕೊಡಲು ಸಂಕೋಚಪಡುವವರೂ ಉಂಟು. ಬಯಲು ಶೌಚದ ಮಾತನ್ನು ಯಾರು ತಾನೆ ಸುಲಭವಾಗಿ ಹೇಳಿಯಾರು? ಆದರೆ ಮುಚ್ಚಿಟ್ಟ ಒಂದು ಮಾತು ಮುಂದೆ ಪ್ರಾಣವನ್ನು ತೆಗೆಯಬಹುದು. ಪಡೆಯುವವನಿಗೆ ಉತ್ತರಿಸಲು ಸಮಯವಾದರೂ ಇದೆ. ದಾನಿಯ ವಿಷಯದಲ್ಲಿ ಅದೂ ಇಲ್ಲ. 1994ರ ಮಾನವ ಅಂಗಾಂಗ ಕಸಿ ಕಾಯಿದೆಯು ಮಿದುಳಿನ ಸಾವನ್ನು ಸಾವೆಂದು ಅಂಗೀಕರಿಸಿದೆ. ಕರ್ನಾಟಕದಲ್ಲಿ ಅಂಗದಾನದ ಕಾರ್ಯವನ್ನು 'ಜೀವಸಾರ್ಥಕತೆ' ಎಂಬ ಸರ್ಕಾರಿ ಸಂಸ್ಥೆ ನಡೆಸುತ್ತದೆ. ದೇಹದಿಂದ ಹೊರತೆಗೆದ ಹೃದಯವನ್ನು ಸುಮಾರು ನಾಲ್ಕು ಗಂಟೆಗಳೊಳಗೆ ಕೂಡಿಸಬೇಕು. 2014ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನಿಂದ ಚೆನ್ನೈಗೆ ಹೃದಯವೊಂದನ್ನು ವಿಮಾನದಲ್ಲಿ ಸಾಗಿಸಿದಾಗ ಎರಡೂ ನಗರಗಳಲ್ಲಿ ಪೊಲೀಸರು ರಸ್ತೆಗಳನ್ನು ತೆರವುಗೊಳಿಸಿಕೊಟ್ಟರು. ಧಾರವಾಡದಿಂದ ಬೆಳಗಾವಿಗೂ ಹೀಗೆಯೇ ಹೃದಯವನ್ನು ಕೊಂಡೊಯ್ದು ಕಸಿ ಮಾಡಿದುದುಂಟು. ಇಂಥ ಅವಸರದ ನಡುವೆ, ಮಗನನ್ನೋ ಮಗಳನ್ನೋ ಕಳೆದುಕೊಂಡು ಕುಳಿತ ತಂದೆತಾಯಿಗಳ ಬಳಿ ಹೋಗಿ ಹಳೆಯ ಜ್ವರ, ಕಾಯಿಲೆಗಳ ವಿವರವನ್ನು ಮೆಲುದನಿಯಲ್ಲಿ ಕೇಳುವ ಕಾರ್ಯಕರ್ತರ ಕೆಲಸ ಶಸ್ತ್ರವೈದ್ಯರದಕ್ಕಿಂತ ಹಗುರವಾದುದಲ್ಲ.

ಶಸ್ತ್ರಕ್ರಿಯೆ ಮುಗಿದ ಮೇಲಿನ ಬಾಳು ಕಟ್ಟುನಿಟ್ಟಿನದು. ಮುಖ್ಯವಾದ ಮಾತ್ರೆಗಳನ್ನು ಹನ್ನೆರಡು ಗಂಟೆಗಳಿಗೊಮ್ಮೆ, ಗಡಿಯಾರ ನೋಡಿ ನುಂಗಬೇಕು. ಚಕ್ಕೋತದಂಥ ಹಣ್ಣು ರಕ್ತದಲ್ಲಿ ಔಷಧಿಯ ಪ್ರಮಾಣವನ್ನು ಏರಿಸುವುದರಿಂದ ಅದು ವರ್ಜ್ಯ. ನೀರನ್ನು ಕುದಿಸಿ ಆರಿಸಿ ಕುಡಿಯಬೇಕು. ಮಾಂಸ ತಿನ್ನುವವರು ಅದನ್ನು ಚೆನ್ನಾಗಿ ಬೇಯಿಸಿ ತಿನ್ನಬೇಕು. ಜೀವಂತ ರೋಗಾಣುಗಳಿರುವ ಲಸಿಕೆಗಳನ್ನು ಹಾಕಿಸಿಕೊಳ್ಳಬಾರದು. ಮೊದಲ ತಿಂಗಳುಗಳಲ್ಲಿ ಮತ್ತೆ ಮತ್ತೆ ರಕ್ತ ಪರೀಕ್ಷಿಸಿ, ವೈರಸ್ ಹೆಚ್ಚುತ್ತಿದೆಯೇ ಎಂದು ನೋಡುತ್ತಾರೆ. ಹೆಚ್ಚುವ ಸೂಚನೆ ಕಂಡೊಡನೆ, ಜ್ವರ ಬರುವ ಮೊದಲೇ ಔಷಧಿ ಆರಂಭಿಸುತ್ತಾರೆ. ಕಾಲ ಕಳೆದಂತೆ ಮಾತ್ರೆಗಳ ಪ್ರಮಾಣ ಇಳಿಯುತ್ತದೆ. ಆದರೆ ಅವು ಬದುಕಿರುವವರೆಗೂ ಪೂರ್ತಿ ನಿಲ್ಲುವುದಿಲ್ಲ. ಬೆಕ್ಕನ್ನು ಮನೆಯಿಂದ ಅಟ್ಟಬೇಕಾಗಿಲ್ಲ. ಅದರ ಹೊಲಸನ್ನು ಬಳಿಯುವ ಕೆಲಸವನ್ನು ಮನೆಯ ಬೇರೆಯವರು ಮಾಡಿದರೆ ಸಾಕು. ರೋಗಿ ರೈತನಾಗಿದ್ದರೆ ಅವನು ಮೊದಲು ಕೇಳುವುದು, 'ಹೊಲಕ್ಕೆ ಹೋಗಬಹುದೇ?' ಎಂದು. ಕೈಗವಸು, ಮೊಣಕಾಲುದ್ದದ ಗಂಬೂಟು ತೊಟ್ಟು ಎಂದಿನಿಂದ ಹೋಗಬಹುದೆಂಬುದನ್ನು ವೈದ್ಯರು ಹೃದಯದ ಚೂರನ್ನೂ ರಕ್ತಪರೀಕ್ಷೆಯ ಫಲಿತಾಂಶವನ್ನೂ ನೋಡಿ ತಿಳಿಸುತ್ತಾರೆ.